ಇಂಜಿನಿಯರ್ ಮಗಳಿಗೆ ಇನ್ನೂ ಓದು ಬೇಕೇ?

ಕಮಲಾಪುರದ ಸಹೋದರಿಯೊಬ್ಬರು ಮೊನ್ನೆ ಕುರ್‌ಆನ್ ತರಗತಿ ಮುಗಿದ ಬಳಿಕ ನನ್ನನ್ನು ನಿಲ್ಲಿಸಿ ಕೇಳಿದರು: "ಆಪಾ, ಮಗಳು ಬಿ.ಇ. ಮುಗಿಸಿ ಎರಡು ವರ್ಷದಿಂದ ಕಲಬುರಗಿಯ ಕಪನೂರಿಗೆ ಬಸ್ಸಿನಲ್ಲಿ ಹೋಗಿಬಂದು ಕೆಲಸ ಮಾಡ್ತಿದ್ದಾಳೆ. ಈಗ ಮ್ಯಾನೇಜ್‌ಮೆಂಟ್ ಓದ್ತೀನಿ ಅಂತಾಳೆ. ಓದಿದ್ದು ಸಾಲದೇ? ನಿಕಾಹ್ ಯಾವಾಗ ಮಾಡೋದು?"

ಸಹೋದರಿಯರೇ, ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಆ ತಾಯಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಇಂಜಿನಿಯರಿಂಗ್ ಯಂತ್ರ ನಡೆಸಲು ಕಲಿಸುತ್ತದೆ. ಕೈಗಾರಿಕಾ ನಿರ್ವಹಣೆಯ ಓದು ಕಾರ್ಖಾನೆ ನಡೆಸಲು ಕಲಿಸುತ್ತದೆ. ನಮ್ಮ ಕಲಬುರಗಿಯ ದಾಲ್ ಮಿಲ್ಲನ್ನೇ ನೋಡಿ. ಹೊಸ ತೊಗರಿ ಮಾರುಕಟ್ಟೆಗೆ ಬರುವುದು ಚಳಿಗಾಲದ ಕೆಲವೇ ತಿಂಗಳು; ಬೇಳೆ ಬೇಕಾಗುವುದು ವರ್ಷವಿಡೀ. ಎಷ್ಟು ಕೊಳ್ಳಬೇಕು, ಹುಳ ಹಿಡಿಯದಂತೆ ಎಲ್ಲಿ ಕೂಡಿಡಬೇಕು, ಅದರಲ್ಲಿ ಎಷ್ಟು ಹಣ ಸಿಕ್ಕಿಬೀಳುತ್ತದೆ, ಕಾರ್ಮಿಕರ ಪಾಳಿ ಮತ್ತು ಸುರಕ್ಷತೆ ಹೇಗೆ? ಈ ಲೆಕ್ಕ ತಪ್ಪಿದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಮಿಲ್ಲು ನಷ್ಟಕ್ಕೆ ಬೀಳುತ್ತದೆ.

ಪ್ರವಾದಿ ಯೂಸುಫರ(ಅ) ವೃತ್ತಾಂತ ನಮಗೆಲ್ಲ ಗೊತ್ತು. ಸುಭಿಕ್ಷದ ಏಳು ವರ್ಷ ಧಾನ್ಯವನ್ನು ತೆನೆಯಲ್ಲೇ ಉಳಿಸಿ, ಬರಗಾಲದ ಏಳು ವರ್ಷಗಳಿಗೆ ಕೂಡಿಡುವ ಯೋಜನೆ ಅವರದು. ಈಜಿಪ್ಟಿನ ಭಂಡಾರದ ಹೊಣೆ ಕೇಳುವಾಗ ಅವರು ಮುಂದಿಟ್ಟ ಅರ್ಹತೆಗಳು ಎರಡೇ: ಕಾಪಾಡುವ ನಿಷ್ಠೆ ಮತ್ತು ಜ್ಞಾನ. ಅಮಾನತ್ತನ್ನು ನಾವು ಮನೆಯಲ್ಲಿ ಕಲಿಸಬಹುದು. ಜ್ಞಾನಕ್ಕೆ ಓದಲೇಬೇಕು.

ದಾರಿಗಳು ಹಲವಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಪದವೀಧರರಿಗಾಗಿಯೇ ನಿರ್ವಹಣೆಯ ಸ್ನಾತಕೋತ್ತರ ಕೋರ್ಸ್ ಇದೆ. ಕೈಗಾರಿಕಾ ಇಂಜಿನಿಯರಿಂಗ್‌ಗೆಂದೇ ಮುಂಬೈಯಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಸಂಸ್ಥೆ 2023ರಲ್ಲಿ ಐ.ಐ.ಎಂ. ಆಯಿತು. ಕಲಬುರಗಿಯಲ್ಲೇ ಸರಕಾರಿ ಕೋಟಾದಲ್ಲಿ ಎಂ.ಬಿ.ಎ. ಸೀಟು ಬೇಕಾದವರು ಪಿ.ಜಿ.ಸಿ.ಇ.ಟಿ. ಬರೆಯಬೇಕು. ಕೆಲಸ ಬಿಡಲಾಗದವರಿಗೆ ಇಗ್ನೋ ಇದೆ. ಅದರ ಎಂ.ಬಿ.ಎ.ಯಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಆರಿಸಿಕೊಳ್ಳಬಹುದು. ಮನೆಯಲ್ಲೇ ಓದಿ ಕನಿಷ್ಠ 2, ಗರಿಷ್ಠ 4 ವರ್ಷಗಳಲ್ಲಿ ಮುಗಿಸಬಹುದು. ಶುಲ್ಕವನ್ನು ಸೆಮಿಸ್ಟರ್‌ವಾರು ಕಟ್ಟುವುದರಿಂದ, ಸಂಬಳದಲ್ಲೇ ಹೊಂದಿಸಿಕೊಂಡರೆ ಬಡ್ಡಿ ಸಾಲಕ್ಕೆ ಕೈಚಾಚುವ ಪ್ರಮೇಯ ಬರುವುದಿಲ್ಲ. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿರುತ್ತವೆ ಎಂಬುದು ನೆನಪಿರಲಿ.

ಎಚ್ಚರಿಕೆಯೂ ಬೇಕು. ಹಣ ಕಟ್ಟುವ ಮೊದಲು ಯು.ಜಿ.ಸಿ. ಮತ್ತು ಎ.ಐ.ಸಿ.ಟಿ.ಇ. ಮಾನ್ಯತೆಯನ್ನು ನೋಡಿಕೊಳ್ಳಿ. ಪದವಿ ಸಿಕ್ಕ ಮಾತ್ರಕ್ಕೆ ಹುದ್ದೆ ಏರುತ್ತದೆಂಬ ಭರವಸೆಯಿಲ್ಲ. ಆದರೆ ಎರಡು ವರ್ಷ ಕೆಲಸ ಮಾಡಿದವಳು ಕಣ್ಣಾರೆ ಕಂಡ ತೊಡಕುಗಳಿಗೆ ಪುಸ್ತಕದಲ್ಲಿ ಉತ್ತರ ಹುಡುಕುತ್ತಾಳೆ. ಆ ಓದಿಗೆ ಬೆಲೆ ಹೆಚ್ಚು.

ಇನ್ನು ನಿಕಾಹ್. ಅದನ್ನೂ ಓದನ್ನೂ ಎದುರುಬದುರು ನಿಲ್ಲಿಸುವುದೇಕೆ? ಸಂಬಂಧ ಕೂಡುವ ಮೊದಲೇ ಮಗಳ ಓದು, ಕೆಲಸದ ಬಗ್ಗೆ ಗಂಡಿನ ಮನೆಯವರೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಿ. ಒಪ್ಪಿದ್ದನ್ನು ನಿಕಾಹ್‌ನಾಮದಲ್ಲಿ ಷರತ್ತಾಗಿ ಬರೆಸಿ. ಮಾತಿಗೆ ನಿಲ್ಲುವ ವರ ಯಾರೆಂಬುದೂ ಆಗಲೇ ತಿಳಿಯುತ್ತದೆ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನ ಕೂರಿಸಿಕೊಂಡು ಒಮ್ಮೆ ಪೂರ್ತಿ ಕೇಳ್ತೀನಿ ಆಪಾ" ಎಂದರು. ನೀವೂ ಕೇಳಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ. ಆಮೀನ್.