ಟೊಮೇಟೊ ಎರಚುವ ಊರಿಗೆ ಹೊರಡುವ ಮುನ್ನ

ವಾಚನಾಲಯಕ್ಕೆ ಸಂಜೆ ಬರುವ ತರುಣರೊಬ್ಬರು ಈಚೆಗೆ ನನ್ನನ್ನು ಕೇಳಿದರು: "ಸ್ಪೇನ್ ದೇಶದ ಟೊಮೇಟೊ ಹಬ್ಬಕ್ಕೆ ಹೋಗಬೇಕೆಂದು ನಾವು ನಾಲ್ವರು ಗೆಳೆಯರು ಹಣ ಕೂಡಿಡುತ್ತಿದ್ದೇವೆ. ಏನೇನು ಸಿದ್ಧತೆ ಬೇಕು ಸಾರ್?" ಅದೇ ಮೇಜಿನಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು, "ತಿನ್ನುವ ಪದಾರ್ಥವನ್ನು ಬೀದಿಗೆ ಚೆಲ್ಲಲು ಅಷ್ಟು ದೂರ ಹೋಗಬೇಕೇನಪ್ಪ?" ಎಂದರು. ಎರಡೂ ಪ್ರಶ್ನೆಗಳು ನ್ಯಾಯವಾದವೇ. ಓದಿ, ಹೋಗಿಬಂದವರಿಂದ ಕೇಳಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಹಬ್ಬದ ಹೆಸರು ಲಾ ತೊಮಾತಿನಾ. ನಡೆಯುವ ಊರು ಬುನ್ಯೋಲ್. ವ್ಯಾಲೆನ್ಸಿಯಾ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಗುಡ್ಡಗಳ ನಡುವೆ ಇರುವ ಈ ಊರಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಬುಧವಾರ ಲಾರಿಗಳು ನೂರು ಟನ್ನಿಗೂ ಮಿಗಿಲಾದ ಹಣ್ಣನ್ನು ಕಿರಿದಾದ ಬೀದಿಗೆ ತಂದು ಸುರಿಯುತ್ತವೆ. ಒಂದು ಸದ್ದು ಕೇಳಿದೊಡನೆ ಆರಂಭ. ಒಂದು ಗಂಟೆಯ ಬಳಿಕ ಮತ್ತೊಂದು ಸದ್ದು, ಅಲ್ಲಿಗೆ ಮುಕ್ತಾಯ.

ಇದು ಯಾವ ದೇವರ ಸೇವೆಯೂ ಅಲ್ಲ, ಸುಗ್ಗಿಯ ಆಚರಣೆಯೂ ಅಲ್ಲ. 1945ರಲ್ಲಿ ಊರಿನಲ್ಲಿ ದೊಡ್ಡ ಬೊಂಬೆಗಳ ಮೆರವಣಿಗೆ ಹೊರಟಿತ್ತು. ನಮ್ಮ ಗಾರುಡಿಗೊಂಬೆಗಳನ್ನು ನೆನೆದರೆ ಅದರ ಸ್ವರೂಪ ಕಣ್ಣಿಗೆ ಬಂದೀತು. ಅದರೊಳಗೆ ನುಗ್ಗಲು ಹೋದ ಹುಡುಗರಿಗೂ ಮೆರವಣಿಗೆಯವರಿಗೂ ಜಗಳ ಹತ್ತಿ, ಪಕ್ಕದಲ್ಲಿದ್ದ ತರಕಾರಿ ಅಂಗಡಿಯ ಟೊಮೇಟೊಗಳೇ ಆಯುಧಗಳಾದವು ಎಂದು ಊರವರು ಹೇಳುತ್ತಾರೆ. ಮರುವರ್ಷ ಹುಡುಗರು ಮನೆಯಿಂದಲೇ ಹಣ್ಣು ತಂದರಂತೆ! 1950ರ ದಶಕದಲ್ಲಿ ಅಧಿಕಾರಿಗಳು ಇದನ್ನು ನಿಷೇಧಿಸಿದರು. ಆಗ ಜನ ಮಾಡಿದ್ದು ಬಹಳ ಸೊಗಸಾದ ಪ್ರತಿಭಟನೆ. 1957ರಲ್ಲಿ ಶವಪೆಟ್ಟಿಗೆಯೊಂದರಲ್ಲಿ ದೊಡ್ಡ ಟೊಮೇಟೊ ಇಟ್ಟು, ಶೋಕದ ವಾದ್ಯ ನುಡಿಸುತ್ತ ಅದರ ಶವಯಾತ್ರೆ ನಡೆಸಿದರು. ಫ್ರಾಂಕೋನ ಸರ್ವಾಧಿಕಾರದ ಕಾಲದಲ್ಲಿ ಹೀಗೆ ನಕ್ಕು ಪ್ರತಿಭಟಿಸುವುದಕ್ಕೂ ಎದೆಗಾರಿಕೆ ಬೇಕು. ನಿಷೇಧ ಹೋಯಿತು, 1980ರ ದಶಕದಿಂದ ಊರಿನ ಪೌರಸಭೆಯೇ ಹಣ್ಣು ಒದಗಿಸುತ್ತ ಬಂದಿದೆ.

ಇನ್ನು ಹಿರಿಯರ ಆಕ್ಷೇಪ. ಅದು ಅವರೊಬ್ಬರದೇ ಅಲ್ಲ. 2011ರಲ್ಲಿ "ಜಿಂದಗಿ ನಾ ಮಿಲೇಗಿ ದೊಬಾರಾ" ಎಂಬ ಹಿಂದಿ ಚಿತ್ರ ಈ ಹಬ್ಬವನ್ನು ತೋರಿಸಿದ ಮೇಲೆ ಬೆಂಗಳೂರು, ಮೈಸೂರುಗಳಲ್ಲೂ ಇಂಥದೇ ಆಟಕ್ಕೆ ಸಿದ್ಧತೆ ನಡೆಯಿತು. ಟೊಮೇಟೊ ಹಾಳುಮಾಡಲು ಅನುಮತಿ ಕೊಡಕೂಡದೆಂದು ಆಗಿನ ಮುಖ್ಯಮಂತ್ರಿ ಡಿ. ವಿ. ಸದಾನಂದ ಗೌಡರು ಪೊಲೀಸರಿಗೆ ಸೂಚಿಸಿದರು, ಆಟ ನಿಂತಿತು. ಅದು ಸರಿಯಾದ ತೀರ್ಮಾನವೆಂದೇ ನನ್ನ ಎಣಿಕೆ. ಕೋಲಾರದ ಕಡೆಯ ರೈತ ಬೆಲೆ ಕುಸಿದಾಗ ಕೊಯ್ದ ಹಣ್ಣನ್ನು ರಸ್ತೆಬದಿಯಲ್ಲಿ ಸುರಿದು ಹೋಗುವುದುಂಟು. ಅದೇ ಹಣ್ಣು 2023ರ ಜುಲೈ ತಿಂಗಳಲ್ಲಿ ಕೆಲವು ನಗರಗಳಲ್ಲಿ ಕಿಲೋಗೆ 200 ರೂಪಾಯಿ ದಾಟಿ, ಎಷ್ಟೋ ಮನೆಗಳ ಸಾರಿನಿಂದ ಮಾಯವಾಗಿತ್ತು. ಅಂಥ ನಾಡಿನಲ್ಲಿ ಟಿಕೆಟು ಮಾರಿ ಅದನ್ನು ತುಳಿಯುವುದು ಶೋಭಿಸದು. ಬುನ್ಯೋಲ್‌ನವರೋ ಅಗ್ಗದ, ಊಟದ ಮೇಜಿಗೆ ಅಷ್ಟಾಗಿ ಒದಗದ ಹಣ್ಣನ್ನೇ ತರಿಸುತ್ತೇವೆ ಎನ್ನುತ್ತಾರೆ. ಈ ಸಮಾಧಾನ ಹಿರಿಯರಿಗೆ ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಸಾಲದು. ಆದರೆ ಆ ಊರಿಗೆ ಅದು ಮೂರು ತಲೆಮಾರಿನ ನೆನಪು. ಅತಿಥಿಯಾಗಿ ಹೋಗಿ ನೋಡುವುದು ಬೇರೆ, ಇಲ್ಲಿ ನಕಲು ಮಾಡುವುದು ಬೇರೆ.

ಹೋಗುವುದೇ ನಿಶ್ಚಯವಾದರೆ ಮೊದಲ ಕೆಲಸ ವೀಸಾ. ಸ್ಪೇನಿಗೆ ನಮಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಗೆಯಲ್ಲಿ ಯೂರೋಪಿಗೆ ಹೋಗುವವರ ನೂಕುನುಗ್ಗಲು ಹೆಚ್ಚಾದ್ದರಿಂದ ಏಪ್ರಿಲ್-ಮೇ ಹೊತ್ತಿಗೇ ಕೆಲಸ ಆರಂಭಿಸಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ವೀಸಾ ಕೈಸೇರುವ ಮೊದಲೇ ಹಣ ಹಿಂದಿರುಗದಂಥ ವಿಮಾನದ ಟಿಕೆಟು ಕೊಳ್ಳಬೇಡಿ. ಅಗ್ಗವೆಂಬ ಆಸೆಗೆ ಬಿದ್ದು ಕಳೆದುಕೊಂಡವರನ್ನು ಬಲ್ಲೆ.

ಹಬ್ಬಕ್ಕೂ ಟಿಕೆಟಿದೆ. ಹಿಂದೆ ನಲವತ್ತು-ಐವತ್ತು ಸಾವಿರ ಜನ ನುಗ್ಗುತ್ತಿದ್ದುದರಿಂದ 2013ರಿಂದ ಪೌರಸಭೆ ಸುಮಾರು ಇಪ್ಪತ್ತು ಸಾವಿರಕ್ಕೆ ಮಿತಿ ಹಾಕಿದೆ. ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು.

ತಂಗುವುದು ವ್ಯಾಲೆನ್ಸಿಯಾದಲ್ಲಿ ಅನುಕೂಲ. ಮ್ಯಾಡ್ರಿಡ್‌ನಿಂದ ಅಲ್ಲಿಗೆ ವೇಗದ ರೈಲಿನಲ್ಲಿ ಎರಡು ಗಂಟೆಯ ದಾರಿ. ಬುನ್ಯೋಲ್‌ಗೆ ಸ್ಥಳೀಯ ರೈಲು ಮಾರ್ಗವಿದೆ. ಆದರೆ 2024ರ ಅಕ್ಟೋಬರ್ 29ರ ಭೀಕರ ಪ್ರವಾಹದಲ್ಲಿ ಆ ಮಾರ್ಗಕ್ಕೆ ಬಹಳ ಹಾನಿಯಾಯಿತು. ಆದುದರಿಂದ ಹೊರಡುವ ಮುನ್ನ ರೈಲಿನ ವಿಷಯ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಬೇಗ ಹೋದರೆ ಸಾಬೂನು ಬಳಿದ ಕಂಬದ ತುದಿಯಲ್ಲಿ ಕಟ್ಟಿದ ಹಂದಿಮಾಂಸದ ತುಂಡಿಗಾಗಿ ಯುವಕರು ಏರಿ ಜಾರುವುದನ್ನು ಕಾಣಬಹುದು. ಮಾಂಸ ಒಲ್ಲದವರಿಗೂ ನಮ್ಮ ಗೋಕುಲಾಷ್ಟಮಿಯ ಜಾರುಕಂಬ ನೆನಪಾಗದಿರದು.

ನಿಯಮಗಳು ಕೆಲವೇ, ಆದರೆ ಕಟ್ಟುನಿಟ್ಟು. ಹಣ್ಣನ್ನು ಕೈಯಲ್ಲಿ ಹಿಸುಕಿಯೇ ಎಸೆಯಬೇಕು. ಇಡೀ ಹಣ್ಣು ಕಲ್ಲಿನಂತೆ ಬಡಿಯುತ್ತದೆ. ಬಾಟಲಿ ಒಯ್ಯಕೂಡದು, ಯಾರ ಬಟ್ಟೆಯನ್ನೂ ಹರಿಯಕೂಡದು, ಲಾರಿಯಿಂದ ದೂರವಿರಬೇಕು. ಎರಡನೆಯ ಸದ್ದಿನ ಮೇಲೆ ಒಂದು ಹಣ್ಣನ್ನೂ ಎಸೆಯುವಂತಿಲ್ಲ. ಜನಸಂದಣಿಯಲ್ಲಿ ಉಸಿರುಕಟ್ಟುವವರು ಬೀದಿಯ ಅಂಚಿನಲ್ಲೇ ನಿಲ್ಲಲಿ. ಹಳೆಯ ಬಟ್ಟೆ, ಬೆರಳು ಮುಚ್ಚುವ ಬಿಗಿಯಾದ ಬೂಟು ಇರಲಿ, ಪಾಸ್‌ಪೋರ್ಟು ಕೋಣೆಯಲ್ಲೇ ಇರಲಿ. ಮುಗಿದ ಮೇಲೆ ಅಗ್ನಿಶಾಮಕ ವಾಹನಗಳು ಬೀದಿ ತೊಳೆಯುತ್ತವೆ. ಹುಳಿರಸದಿಂದ ಕಲ್ಲುಹಾಸು ಮೊದಲಿಗಿಂತ ಚೊಕ್ಕಟವಾಗುವುದೆಂದು ಹೇಳುತ್ತಾರೆ. ಮನೆಯವರು ಕೊಳವೆ ಹಿಡಿದು ಅಪರಿಚಿತರ ತಲೆಗೂ ನೀರು ಬಿಡುತ್ತಾರೆ.

ತರುಣರು ಇದನ್ನೆಲ್ಲ ಬರೆದುಕೊಂಡರು. ಹಿರಿಯರು ಪಟ್ಟಿಯನ್ನು ಇಸಿದುಕೊಂಡು ನೋಡಿ, "ಟೊಮೇಟೊ ರಸ ಕಣ್ಣಿಗೆ ಬಿದ್ದರೆ ಉರಿಯುತ್ತದಪ್ಪ, ಈಜುವವರ ಕನ್ನಡಕ ಬರೆದುಕೋ" ಎಂದರು.