ಪತ್ರದ ಕೆಳಗೆ ಯಾರ ಸಹಿ?

1960ರ ದಶಕ. ಅಮೆರಿಕದ ಒಂದು ದೊಡ್ಡ ಕಂಪನಿಯಲ್ಲಿ ಷೇರುದಾರರ ಪತ್ರಗಳಿಗೆ ಉತ್ತರ ಬರೆಯುವುದಕ್ಕೆಂದೇ ಒಂದು ವಿಭಾಗವಿತ್ತು. ನೌಕರರೆಲ್ಲ ಆರಿಸಿ ತೆಗೆದುಕೊಂಡವರು, ಒಳ್ಳೆಯ ತರಬೇತಿ ಪಡೆದವರು. ಆದರೂ ಕೆಲಸದಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಬರೆದ ಪ್ರತಿ ಪತ್ರವನ್ನೂ ಮೇಲ್ವಿಚಾರಕರು ತಿದ್ದುತ್ತಿದ್ದರು. ಸಹಿಯೂ ಅವರದೇ.

ಇದನ್ನು ಬದಲಿಸಿ ನೋಡಿದವರು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್. ಅದಕ್ಕೂ ಮೊದಲು ಅವರು ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರುಗಳನ್ನೂ ಅಕೌಂಟೆಂಟುಗಳನ್ನೂ ಕೂರಿಸಿಕೊಂಡು ಮಾತಾಡಿಸಿದ್ದರು. ಕೆಲಸದಲ್ಲಿ ತುಂಬ ಖುಷಿಯಾದದ್ದು ಯಾವಾಗ, ತುಂಬ ಬೇಸರವಾದದ್ದು ಯಾವಾಗ? ಬೇಸರದ ಕಥೆಗಳಲ್ಲಿ ಕಂಪನಿಯ ನಿಯಮ, ಮೇಲಧಿಕಾರಿಯ ವರ್ತನೆ, ಸಂಬಳ ಬಂದವು. ಖುಷಿಯ ಕಥೆಗಳಲ್ಲಿ ಸಾಧನೆ, ಮೆಚ್ಚುಗೆ, ಹೊಣೆಗಾರಿಕೆ, ಕೆಲಸದ ಸ್ವಾರಸ್ಯ. 1959ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದಲ್ಲಿ ಹರ್ಜ್‌ಬರ್ಗ್ ಮೊದಲ ಗುಂಪಿಗೆ ಇಟ್ಟ ಹೆಸರು ನೈರ್ಮಲ್ಯ. ಚರಂಡಿ ಚೊಕ್ಕಟವಾಗಿದ್ದರೆ ಕಾಯಿಲೆ ಬರುವುದಿಲ್ಲ. ಆದರೆ ಅಷ್ಟರಿಂದಲೇ ಮೈಗೆ ಕಸುವೂ ಬರುವುದಿಲ್ಲ. ಸಂಬಳವೂ ಹಾಗೆಯೇ ಎಂಬುದು ಅವರ ವಾದ.

ಪತ್ರ ವಿಭಾಗದ ಕೆಲವು ತಂಡಗಳಲ್ಲಿ ಅವರು ಮಾಡಿದ ಬದಲಾವಣೆಗಳಿಗೆ ಹೆಚ್ಚು ಖರ್ಚೂ ಇರಲಿಲ್ಲ. ಬರೆದವರೇ ತಮ್ಮ ಹೆಸರಲ್ಲಿ ಸಹಿ ಹಾಕಿದರು. ಅನುಭವಿಗಳ ಪತ್ರಗಳನ್ನು ನೂರಕ್ಕೆ ನೂರು ಪರಿಶೀಲಿಸುವ ಬದಲು ನೂರಕ್ಕೆ ಹತ್ತನ್ನಷ್ಟೇ ನೋಡಲಾಯಿತು. ಸಿದ್ಧ ಮಾದರಿಯ ಉತ್ತರ ಬಿಟ್ಟು ತಮ್ಮದೇ ಧಾಟಿಯಲ್ಲಿ ಬರೆಯಲು ಉತ್ತೇಜನ ಸಿಕ್ಕಿತು. ಹೊಸ ಹೊಣೆಗೆ ಒಗ್ಗಿಕೊಳ್ಳುವವರೆಗೆ ಗುಣಮಟ್ಟ ತುಸು ಕುಸಿಯಿತು. ಅಲ್ಲೇ ಗಾಬರಿಯಾಗಿ ಕೈಬಿಡುವ ಮ್ಯಾನೇಜರುಗಳೇ ಹೆಚ್ಚು. ಇಲ್ಲಿ ಕಾದರು. ಆರು ತಿಂಗಳು ಮುಗಿಯುವಷ್ಟರಲ್ಲಿ ಈ ತಂಡಗಳು ಉಳಿದವನ್ನು ಹಿಂದೆ ಹಾಕಿದ್ದವು.

ಆಕ್ಷೇಪಗಳೂ ಇವೆ. ಗೆದ್ದರೆ ನಾನು, ಸೋತರೆ ಕಂಪನಿ ಎನ್ನುವುದು ಮನುಷ್ಯ ಸ್ವಭಾವ. ಎರಡು ಪಟ್ಟಿಗಳು ಬೇರೆಯಾಗಿದ್ದು ಅದಕ್ಕೇ ಎಂದು ವಿಮರ್ಶಕರು ಹೇಳಿದರು. ಆ ಮಾತಿನಲ್ಲಿ ಹುರುಳಿದೆ. ಆದರೂ 1968ರಲ್ಲಿ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ ಬಂದ ಅವರ ಲೇಖನದ ಮರುಮುದ್ರಿತ ಪ್ರತಿಗಳು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಸಂಬಳ ಕಡಿಮೆ ಕೊಡಲು ಇದನ್ನು ನೆಪ ಮಾಡಿಕೊಳ್ಳುವುದು ಅನ್ಯಾಯ. ಚರಂಡಿ ಕಟ್ಟಿಕೊಂಡ ಮನೆಯಲ್ಲಿ ಯಾರೂ ಬಾಳಲಾರರು. ನ್ಯಾಯವಾದ ಸಂಬಳ ಕೊಡಿ. ಆಮೇಲೆ, ನಿಮ್ಮ ಕೈಕೆಳಗಿನವರು ಸಿದ್ಧಪಡಿಸಿದ ವರದಿಯ ಕೆಳಗೆ ಅವರ ಹೆಸರೇ ಇರಲಿ.