ಅಮರಾಪುರದ ಮಕ್ಕಳೂ ತೆಲುಗಿನ ದೊಡ್ಡ ಪದಗಳೂ

ಆಂಧ್ರದ ಗಡಿಯೂರು ಅಮರಾಪುರದಲ್ಲಿ ಕನ್ನಡವಾಡಿ ಬೆಳೆದ ಮಗು ತೆಲುಗು ಶಾಲೆಗೆ ಸೇರಿದಾಗ ಮೊದಲು ಕೈಕೊಡುವುದು ದೊಡ್ಡ ಪದಗಳಲ್ಲ, ಚಿಕ್ಕವು. ತೆಲುಗಿನಲ್ಲಿ ‘ಕುಡಿ’ ಎಂದರೆ ಬಲಗಡೆ. ನೀರು ಕುಡಿ ಎನ್ನುವುದಕ್ಕೆ ‘ತಾಗು’ ಎನ್ನಬೇಕು. ನಮ್ಮಲ್ಲಿ ತಾಗುವುದು ಕಲ್ಲು, ಬಿಸಿ, ಒಮ್ಮೊಮ್ಮೆ ಮಾತು. ಮನೆ ‘ಇಲ್ಲು’, ಗಿಡ ‘ಚೆಟ್ಟು’, ನಾಯಿ ‘ಕುಕ್ಕ’. ಸಂತೆಯಲ್ಲಿ ಎರಡೂ ಭಾಷೆ ಕಿವಿಗೆ ಬೀಳುವ ಊರಾದರೂ ಇವನ್ನು ಒಂದೊಂದಾಗಿ ಕಲಿಯದೆ ಬೇರೆ ದಾರಿಯಿಲ್ಲ. ಅದೇ ಮಗು ಮುಂದೆ ವಿಜ್ಞಾನದ ಪುಸ್ತಕ ಬಿಡಿಸಿದಾಗ ‘ಗುರುತ್ವಾಕರ್ಷಣ’, ‘ವಾತಾವರಣಂ’, ‘ಕಿರಣಜನ್ಯ ಸಂಯೋಗಕ್ರಿಯ’ ಎದುರಾಗುತ್ತವೆ. ಮೊದಲೆರಡು ಮನೆಯವೇ. ಮೂರನೆಯದು ನಮ್ಮ ಪುಸ್ತಕಗಳ ‘ದ್ಯುತಿಸಂಶ್ಲೇಷಣೆ’. ಎಂದೂ ಕೇಳಿರದಿದ್ದರೂ ಅರ್ಥ ಹೊಳೆಯುತ್ತದೆ: ಕಿರಣದಿಂದ ಆಗುವ ಕೂಡಿಕೆ. ನಮ್ಮ ಪದಕ್ಕಿಂತ ಇದೇ ವಾಸಿ ಎಂದು ನನ್ನ ಎಣಿಕೆ.

ಇಂಗ್ಲಿಷ್ ಕಲಿಯುವ ಸ್ಪ್ಯಾನಿಷ್ ಭಾಷಿಕರ ಕತೆಯೂ ಇದೇ. ಚಂದ್ರನಿಗೆ ಅವರು ‘ಲೂನಾ’ ಎನ್ನುತ್ತಾರೆ. ಹಾಗಾಗಿ ಇಂಗ್ಲಿಷಿನ ‘ಲೂನಾರ್’ ಅವರಿಗೆ ಪುಕ್ಕಟೆ, ‘ಮೂನ್’ ಮಾತ್ರ ಕಂಠಪಾಠ. ನಿದ್ರಾಹೀನತೆಯ ‘ಇನ್ಸೋಮ್ನಿಯಾ’ ಅವರ ಮನೆಯಲ್ಲಿ ‘ಇನ್ಸೋಮ್ನಿಯೊ’. ಇಂಗ್ಲಿಷಿನ ಬೇರು ಜರ್ಮಾನಿಕ್ ಬಳಗದಲ್ಲಿದೆ. ಆದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್ ಪದಗಳು ಅದರ ಕಚೇರಿ, ನ್ಯಾಯ, ವಿದ್ಯೆಗಳನ್ನು ತುಂಬಿಕೊಂಡವು. ಲ್ಯಾಟಿನ್ ಸ್ಪ್ಯಾನಿಷ್‌ಗೆ ತಾಯಿ. ಹೀಗಾಗಿ ಇಂಗ್ಲಿಷರಿಗೇ ಪಂಡಿತರ ಮಾತೆನಿಸುವುದು ಸ್ಪ್ಯಾನಿಷ್ ಕೂಲಿಕಾರನಿಗೆ ದಿನದ ಮಾತು.

ಕನ್ನಡ, ತೆಲುಗುಗಳಿಗೆ ಸಂಸ್ಕೃತ ತಾಯಿಯಲ್ಲ, ಸಾಲ ಕೊಟ್ಟ ಭಾಷೆ. ಇದನ್ನು ಮೊದಲು ಸಾಧಾರವಾಗಿ ತೋರಿಸಿದವನು ಮದರಾಸಿನ ಅಧಿಕಾರಿ ಎಫ್. ಡಬ್ಲ್ಯು. ಎಲ್ಲಿಸ್. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಅಕ್ಕಪಕ್ಕ ಇಟ್ಟು, ಇವುಗಳ ಮೂಲಸಂಪತ್ತು ಸಂಸ್ಕೃತದಿಂದ ಬಂದದ್ದಲ್ಲ ಎಂದು ಆತ ವಾದಿಸಿದ ಬರಹ 1816ರಲ್ಲಿ ಎ. ಡಿ. ಕ್ಯಾಂಪ್‌ಬೆಲ್‌ನ ತೆಲುಗು ವ್ಯಾಕರಣದೊಳಗೆ ಅಚ್ಚಾಯಿತು. ಅಂದರೆ ನಮ್ಮ ಎರಡೂ ಭಾಷೆಗಳಲ್ಲಿ ಎರಡು ಪದರಗಳಿವೆ. ಹುಟ್ಟಿನಿಂದ ಬಂದ ದ್ರಾವಿಡ ಪದರ ಒಂದು. ಕನ್ನಡ, ತೆಲುಗು ಬೇರೆ ಬೇರೆ ಕವಲುಗಳಾಗಿ ಒಡೆದು ಸಾವಿರಾರು ವರ್ಷ ಕಳೆದಿರುವುದರಿಂದ ಅದು ಗುರುತು ಸಿಗದಷ್ಟು ಸವೆದಿದೆ. ಮೇಲೆ ಬಂದ ಸಂಸ್ಕೃತದ ಪದರ ಇನ್ನೊಂದು. ಅದು ಬರಹದ ಕಾವಲಿನಲ್ಲಿ ಬೆಳೆದದ್ದು, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಮುಖ. ಮನೆಯ ಮಾತು ದೂರ, ಎರವಲು ಹತ್ತಿರ!

ಸವೆದ ಪದರಕ್ಕೂ ಒಂದು ಲೆಕ್ಕವಿದೆ. ಅದರ ಸಾಕ್ಷಿ ಅಮರಾಪುರ ಮಂಡಲದೊಳಗೇ ಇದೆ. ಅಲ್ಲಿನ ಹೇಮಾವತಿ ಎಂಬ ಊರು ಒಂದು ಕಾಲಕ್ಕೆ ನೊಳಂಬ ಅರಸರ ರಾಜಧಾನಿ. ಸಿದ್ಧೇಶ್ವರನ ಗುಡಿ ಈಗಲೂ ಇದೆ. ಊರಿನ ಹಳೆಯ ಹೆಸರು ಪೆಂಜೇರು, ಆಮೇಲೆ ಹೆಂಜೇರು. ಹಳಗನ್ನಡದ ಮೊದಲಕ್ಷರದ ‘ಪ’ ನಡುಗನ್ನಡದ ಹೊತ್ತಿಗೆ ‘ಹ’ ಆದದ್ದು ಈ ಹೆಸರಿನಲ್ಲೇ ಕಾಣುತ್ತದೆ. ತೆಲುಗು ‘ಪ’ವನ್ನು ಬಿಡಲಿಲ್ಲ. ಹಾಲು–ಪಾಲು, ಹಾವು–ಪಾಮು, ಹಂದಿ–ಪಂದಿ, ಹುಲಿ–ಪುಲಿ, ಹೂವು–ಪುವ್ವು. ಇನ್ನೊಂದು ಕಡೆ ತೆಲುಗೇ ಬದಲಾಯಿತು: ಇ, ಎ ಸ್ವರಗಳಿಗೆ ಮೊದಲು ಬರುವ ‘ಕ’ ಅಲ್ಲಿ ‘ಚ’ ಆಯಿತು. ಕಿವಿ–ಚೆವಿ, ಕೆರೆ–ಚೆರುವು. ಈ ಎರಡು ಸೂತ್ರ ತಿಳಿದರೆ ಹತ್ತಾರು ಪದಗಳ ಬಾಯಿಪಾಠ ತಪ್ಪುತ್ತದೆ.

ಮಕ್ಕಳು ಇಂಥ ನಂಟನ್ನು ತಾವಾಗಿಯೇ ಗುರುತಿಸಲಾರರೇ? ಅಷ್ಟು ಸಲೀಸಲ್ಲ. 1993ರಲ್ಲಿ ಸಂಶೋಧಕ ವಿಲಿಯಂ ನಾಗಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಶಾಲಾಮಕ್ಕಳಿಗೆ ಇಂಗ್ಲಿಷ್ ಪಾಠಗಳನ್ನು ಓದಿಸಿ, ನಿಮ್ಮ ಭಾಷೆಯ ಪದಗಳಿಗೆ ನಂಟಿರುವುದಕ್ಕೆ ಸುತ್ತು ಹಾಕಿ ಎಂದರು. ಅಂಥ ಪದಗಳೆಂದರೇನು ಎಂದು ವಿವರಿಸಿದ ಮೇಲೂ ಮಕ್ಕಳು ಹಾಕಿದ ಸುತ್ತು ಅರ್ಧಕ್ಕಿಂತ ಕಡಿಮೆ ಪದಗಳಿಗೆ. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ಒಂದನ್ನು ಓದುವಾಗ ಇನ್ನೊಂದೂ ಎಚ್ಚರವಾಗಿಯೇ ಇರುತ್ತದೆ. ನಂಟಿನ ಪದಗಳನ್ನು ಅವರು ಬೇಗ ಗುರುತಿಸುತ್ತಾರೆಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ತಾನಾಗಿ ನಡೆಯುವ ಆ ಚುರುಕು ಬೇರೆ, ತಿಳಿದು ಬಳಸುವ ಉಪಾಯ ಬೇರೆ. ಎರಡನೆಯದನ್ನು ಯಾರಾದರೂ ಹೇಳಿಕೊಡಬೇಕು.

ಈ ಸೀಮೆಯ ಶಾಲೆಗಳಿಗೆ ಎರಡು ಭಾಷೆ ಹೊಸದಲ್ಲ. ಎಲ್ಲಿಸನ ಬರಹ ಅಚ್ಚುಹಾಕಿಸಿದ ಅದೇ ಕ್ಯಾಂಪ್‌ಬೆಲ್ ಮುಂದೆ ಬಳ್ಳಾರಿಯ ಕಲೆಕ್ಟರನಾದ. ಅನಂತಪುರ ಜಿಲ್ಲೆ ಹುಟ್ಟಿದ್ದು 1882ರಲ್ಲಿ. ಅಲ್ಲಿಯವರೆಗೆ ಈ ಕಡೆಯದೆಲ್ಲ ಬಳ್ಳಾರಿಯದೇ. 1823ರಲ್ಲಿ ಆತ ಕೊಟ್ಟ ವರದಿಯ ಪ್ರಕಾರ ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಗಿಣಿಪಾಠ ಒಪ್ಪಿಸುತ್ತಾರೆ ಎಂದು ಅವನು ಗೊಣಗಿದ್ದಾನೆ. ಆಮೇಲೆ ಗಡಿಗಳು ಬದಲಾದವು: 1953ರಲ್ಲಿ ರಾಯದುರ್ಗ ಬಳ್ಳಾರಿಯಿಂದ ಆಂಧ್ರಕ್ಕೆ ಹೋಯಿತು, 2022ರಿಂದ ಅಮರಾಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಸಂಸ್ಕೃತದ ಆ ಒಂದೇ ಮುಖದ ಪದರದಲ್ಲಿ ಹೊಂಡಗಳೂ ಇವೆ. ಹಿಂದೂಪುರ ಸ್ಟೇಷನ್ನಿನಲ್ಲಿ ರೈಲು ‘ಆಲಸ್ಯಂ’ ಎಂದು ಕೇಳಿದ ಕನ್ನಡಿಗ ರೈಲಿಗೂ ಸೋಮಾರಿತನವೇ ಎಂದುಕೊಳ್ಳಬಹುದು. ಅದು ಬರೀ ತಡ. ತೆಲುಗಿನ ‘ಅವಸರಂ’ ನಮ್ಮ ಗಡಿಬಿಡಿಯಲ್ಲ, ಅಗತ್ಯ. ‘ವಿಚಾರಂ’ ದುಃಖ, ‘ಪ್ರಸಂಗಂ’ ಭಾಷಣ, ‘ಪ್ರಮಾದಂ’ ಅಪಾಯ, ಅಪಘಾತ. ನಮ್ಮಲ್ಲಿ ತಪ್ಪಿಗಷ್ಟೇ ಪ್ರಮಾದ. ಸ್ಪ್ಯಾನಿಷ್ ಜನರಿಗೂ ಈ ಕಾಟ ತಪ್ಪಿದ್ದಲ್ಲ: ಅವರ ‘ಎಕ್ಸಿತೊ’ ಹೊರಬಾಗಿಲಲ್ಲ, ಗೆಲುವು. ಇಂಥ ಪದ ಕಂಡಾಗ ಎರಡೂ ಅರ್ಥ ಒಟ್ಟಿಗೆ ಏಳುತ್ತವೆ, ಒಂದನ್ನು ತಳ್ಳಿಹಾಕಲು ಮಿದುಳಿಗೆ ತುಸು ಹೊತ್ತು ಬೇಕು. ಸದ್ಯ, ಪಟ್ಟಿ ತೀರಾ ಉದ್ದವಿಲ್ಲ. ಶಾಲೆಯ ಗೋಡೆಗೆ ಬರೆಸಬಹುದು.

ಅಮರಾಪುರದ ಮಗುವಿಗೆ ನಿಜವಾದ ಏರು ಇಂಗ್ಲಿಷಿನದು. ಅಲ್ಲಿ ಚಿಕ್ಕ ಪದವೂ ಪರಕೀಯ, ದೊಡ್ಡ ಪದವೂ ಪರಕೀಯ. ಸಂಸ್ಕೃತ ಮತ್ತು ಲ್ಯಾಟಿನ್ ದೂರದ ದಾಯಾದಿಗಳಾದ್ದರಿಂದ ದಂತ–ಡೆಂಟಲ್, ಪಾದ–ಪೆಡಲ್ ಎಂಬ ಎಳೆಗಳು ಸಿಗುತ್ತವೆ ನಿಜ. ಆದರೆ ಹೃದಯಕ್ಕೂ ‘ಕಾರ್ಡಿಯಾಕ್’ಗೂ ಒಂದೇ ಬೇರು ಎಂದು ಹೇಳಿದರೆ ನಂಬುವ ಮಗು ಕಡಿಮೆ. ಅದರ ಬದಲು ಗ್ರೀಕ್, ಲ್ಯಾಟಿನ್ ತುಂಡುಗಳನ್ನೇ ನೇರವಾಗಿ ಕಲಿಸುವುದು ಮೇಲು. ‘ಫೋಟೊಸಿಂಥೆಸಿಸ್’ ಎಂದು ಬೋರ್ಡಿನ ಮೇಲೆ ಬರೆದ ಮೇಷ್ಟ್ರು ಫೋಟೊ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಕೂಡಿಸುವುದು ಎಂದು ಅಲ್ಲೇ ಒಡೆದು ತೋರಿಸಿದರೆ ಮಕ್ಕಳಿಗೆ ‘ಫೋಟಾನ್’, ‘ಫೋಟೊಗ್ರಾಫ್’ ಜೊತೆಗೇ ಸಿಗುತ್ತವೆ, ‘ಕಿರಣಜನ್ಯ ಸಂಯೋಗಕ್ರಿಯ’ ಕಟ್ಟಿದ್ದೂ ಅದೇ ಅಚ್ಚಿನಲ್ಲಿ ಎಂಬುದೂ ಕಾಣುತ್ತದೆ. ಸ್ಪೇನಿನ ಮಗುವಿಗೆ ಆ ಪದ ತನ್ನ ಭಾಷೆಯಲ್ಲೇ ಇದೆ. ಇಲ್ಲಿನ ಮಗುವಿಗೆ ಪಾಠದ ನಡುವೆ ಒಂದೆರಡು ನಿಮಿಷ ಬೇಕು, ಅಷ್ಟೇ.